ತಿಳಿಸುವುದೋ, ಕೇಳುವುದೋ?

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಆರನೆಯ ಅಧ್ಯಾಯವನ್ನು ವಿಶೇಷ ಅಗತ್ಯವುಳ್ಳ ಮಕ್ಕಳ ತಂದೆತಾಯಂದಿರು ಒಮ್ಮೆ ಓದಬೇಕು. ತೀವ್ರ ಅಂಗವೈಕಲ್ಯವಿರುವ ಮಗುವಿಗೆ ಮನೆಯಲ್ಲಿಯೇ ಕಲಿಯುವ ಆಯ್ಕೆ ಮುಂದುವರಿಯುವುದೆಂದೂ, ಆ ವ್ಯವಸ್ಥೆಯನ್ನು ಪರಿಶೋಧಿಸಿ ಮಾನದಂಡಗಳನ್ನು ರೂಪಿಸಲಾಗುವುದೆಂದೂ ಅಲ್ಲಿ ಹೇಳಿದೆ. ಒಳ್ಳೆಯದೇ. ಆದರೆ ಆ ಭಾಗದಲ್ಲಿ ಪೋಷಕರ ಪ್ರಸ್ತಾಪ ಬರುವುದು, ತಂತ್ರಜ್ಞಾನದ ಮೂಲಕ ಅವರಿಗೆ ತಿಳಿವಳಿಕೆ ನೀಡುವ ಮಾತಿನಲ್ಲಿ. ಪರಿಶೋಧನೆಯ ವೇಳೆ ಅವರ ಅಭಿಪ್ರಾಯ ಕೇಳಬೇಕೆಂಬ ಮಾತಿಲ್ಲ.

ಸಮೀರವಾಡಿಯಂಥ ಸಕ್ಕರೆ ಕಾರ್ಖಾನೆಯ ಊರನ್ನು ನೆನೆಯಿರಿ. ಕಬ್ಬು ನುರಿಸುವ ಹಂಗಾಮಿನಲ್ಲಿ ತಂದೆ ಪಾಳಿಗೆ, ತಾಯಿ ಹೊಲಕ್ಕೆ ಹೋದರೆ ಮಗು ಅಜ್ಜಿಯ ಬಳಿ ಉಳಿಯುತ್ತದೆ. ಅದು ಯಾವ ಹೊತ್ತಿನಲ್ಲಿ ಹುರುಪಿನಿಂದಿರುತ್ತದೆ, ಯಾವ ಸದ್ದಿಗೆ ಬೆಚ್ಚುತ್ತದೆ, ಹಸಿವನ್ನು ಯಾವ ಸನ್ನೆಯಿಂದ ತಿಳಿಸುತ್ತದೆ ಎಂಬುದನ್ನು ಬಲ್ಲವರು ಆ ಅಜ್ಜಿ; ಮಾನದಂಡ ಬರೆಯುವವರಲ್ಲ. (ಮೊಬೈಲಿನ ಪಾಠವನ್ನು ಅವರಿಗೆ ತೆರೆದು ತೋರಿಸುವವರು ಯಾರೋ!)

ಈ ವಿಷಯದಲ್ಲಿ ಕಾನೂನು ನೀತಿಗಿಂತ ಉದಾರವಾಗಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕೆಂದಿತು. ಅವಕಾಶವಂಚಿತ ಮಕ್ಕಳ ಪೋಷಕರಿಗೆ ಪ್ರಮಾಣಕ್ಕನುಗುಣವಾದ ಸ್ಥಾನ ನೀಡಿತು. 2012ರ ತಿದ್ದುಪಡಿ ಅಂಗವಿಕಲ ಮಕ್ಕಳನ್ನೂ ಆ ವರ್ಗಕ್ಕೆ ಸೇರಿಸಿತು. ನಮ್ಮ ಊರಿನ ಎಸ್‌ಡಿಎಂಸಿಯಲ್ಲಿ ಅಂಥ ಮಗುವಿನ ತಾಯಿ ಒಬ್ಬರಾದರೂ ಇದ್ದಾರೆಯೇ?