ಬುಕನನ್ನನು ಕೇಳಿದ ದೂರುಗಳು: ಒಂದು ಪ್ರವಾಸಕಥನದ ಸಾಕ್ಷ್ಯವಿಚಾರ

ಹದಿನೆಂಟನೆಯ ಶತಮಾನದ ಕೊನೆಯ ಭಾಗದ ಮೈಸೂರು ಸೀಮೆಯ ಆರ್ಥಿಕ ಚರಿತ್ರೆಯನ್ನು ಬರೆಯಹೊರಟವರೆಲ್ಲರೂ ಫ್ರಾನ್ಸಿಸ್ ಬುಕನನ್ನನ ಪ್ರವಾಸಕಥನಕ್ಕೆ ಋಣಿಗಳಾಗಿದ್ದಾರೆ. ಶ್ರೀರಂಗಪಟ್ಟಣವು ಪತನಗೊಂಡ ಮರುವರ್ಷ, ಎಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಈ ವೈದ್ಯನು ಮದರಾಸಿನಿಂದ ಹೊರಟು ಮೈಸೂರು, ಕೊಯಮತ್ತೂರು, ಮಲಬಾರು, ಕೆನರಾ ಪ್ರಾಂತಗಳನ್ನು ಸುತ್ತಿ 1801ರ ಜುಲೈ ತಿಂಗಳಿನಲ್ಲಿ ಹಿಂದಿರುಗಿದನು. ದಿನಚರಿಯ ರೂಪದಲ್ಲಿರುವ ಆತನ ಬರಹವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಬೆಳೆ, ನೀರಾವರಿ, ಮಗ್ಗ, ಕಬ್ಬಿಣದ ಕುಲುಮೆ, ಜಾತಿಗಳ ಆಚಾರ ಮೊದಲಾದ ವಿಷಯಗಳಲ್ಲಿ ಅದಕ್ಕೆ ಸಮನಾದ ಸಮಕಾಲೀನ ಗ್ರಂಥವು ಮತ್ತೊಂದಿಲ್ಲವೆಂದರೆ ಅತಿಶಯೋಕ್ತಿಯಾಗದು.

ಆದರೆ ಈ ಗ್ರಂಥದಲ್ಲಿ ಇನ್ನೊಂದು ಬಗೆಯ ಸಾಮಗ್ರಿಯೂ ಹೇರಳವಾಗಿದೆ. ಟಿಪ್ಪುವಿನ ಕಾಲದಲ್ಲಿ ಇನಾಂ ಭೂಮಿಗಳು ಸರಕಾರಕ್ಕೆ ಸೇರಿಹೋದುವು, ಆಸಫರೆಂಬ ಪ್ರಾಂತಾಧಿಕಾರಿಗಳು ಲಂಚಕೋರರಾಗಿದ್ದರು, ವಸೂಲಾದ ಹಣದಲ್ಲಿ ಬಹುಪಾಲು ಖಜಾನೆಯನ್ನು ಮುಟ್ಟಲಿಲ್ಲ ಎಂಬಂಥ ಊರವರ ದೂರುಗಳೇ ಆ ಸಾಮಗ್ರಿ. ಇವನ್ನು ಉದ್ಧರಿಸಿ ಒಂದು ಪಕ್ಷದವರು ಟಿಪ್ಪುವಿನ ಆಡಳಿತವನ್ನು ಖಂಡಿಸುತ್ತಾರೆ; ಶತ್ರುವಿನ ಬರಹವೆಂದು ಮತ್ತೊಂದು ಪಕ್ಷದವರು ಇಡೀ ಗ್ರಂಥವನ್ನೇ ತಳ್ಳಿಹಾಕುತ್ತಾರೆ. ತರಗತಿಯಲ್ಲಿ ಈ ವಿಷಯ ಬಂದಾಗ ವಿದ್ಯಾರ್ಥಿಯೊಬ್ಬನು, “ರೈತರೇ ತಮ್ಮ ಬಾಯಿಂದ ಹೇಳಿದ್ದನ್ನು ಸಂಶಯಿಸುವುದು ಹೇಗೆ?” ಎಂದು ನನ್ನನ್ನು ಕೇಳಿದನು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರವನ್ನು ಬುಕನನ್ನನ ಕ್ರಮದಲ್ಲಿಯೇ ಹುಡುಕಬೇಕು.

ಬಿತ್ತನೆಯ ಪ್ರಮಾಣ, ಇಳುವರಿ ಇವುಗಳ ವಿಷಯದಲ್ಲಿ ಬುಕನನ್ನನು ಕೇಳಿದ್ದನ್ನೆಲ್ಲ ನಂಬಿದವನಲ್ಲ. ತೆರಿಗೆ ಏರೀತೆಂಬ ಭಯದಿಂದ ರೈತನು ಬೆಳೆಯನ್ನು ಕಡಿಮೆಮಾಡಿ ಹೇಳುವನೆಂಬುದು ಆತನಿಗೆ ಗೊತ್ತಿತ್ತು. ಆದುದರಿಂದ ಅನೇಕ ಕಡೆ ತಾನೇ ಹೊಲವನ್ನು ಅಳೆಸಿ, ಹೇಳಿಕೆಗೂ ಅಳತೆಗೂ ಇರುವ ಅಂತರವನ್ನು ದಾಖಲೆಮಾಡಿದನು. ಭೂಮಿಯ ಅಪಹಾರ, ಅಧಿಕಾರಿಗಳ ಲಂಚ ಇವುಗಳ ವಿಷಯಕ್ಕೆ ಬಂದಾಗ ಇಂಥ ಅಳತೆಯು ಆತನಿಗೆ ಸುಲಭವಾಗಿ ದೊರೆಯುವಂತಿರಲಿಲ್ಲ. ಕೇಳಿದ್ದು ಬಹುಮಟ್ಟಿಗೆ ಕೇಳಿದಂತೆಯೇ ದಿನಚರಿಗೆ ಇಳಿಯಿತು. ಹೊಲಕ್ಕೆ ಆತನು ಹಚ್ಚಿದ ಪರೀಕ್ಷೆಯನ್ನು ದೂರಿಗೆ ನಾವು ಹಚ್ಚಬೇಕಾಗಿದೆ.

ಮೊದಲನೆಯದಾಗಿ, ಕೇಳಿದವನು ಯಾರು? ಗೆದ್ದ ಕಂಪನಿಯ ಅಧಿಕಾರಿ. ದುಭಾಷಿಯ ಮೂಲಕ ಮಾತನಾಡುವವನು. ತಮ್ಮ ಭೂಮಿಯ ವಿವರವನ್ನು ಬರೆದುಕೊಂಡು ಹೋಗುವವನು. ಎರಡನೆಯದಾಗಿ, ಯಾರ ಮೇಲಣ ದೂರು ಆಗ ನಿರಪಾಯವಾಗಿತ್ತು? ಟಿಪ್ಪು ಮಡಿದಿದ್ದನು, ಆಸಫರ ಅಧಿಕಾರವು ಅವನೊಡನೆಯೇ ಮುಗಿದಿತ್ತು. ಆದರೆ ಹೈದರನಿಗೂ ಟಿಪ್ಪುವಿಗೂ ಸೇವೆ ಸಲ್ಲಿಸಿದ್ದ ಪೂರ್ಣಯ್ಯನವರೇ ಈಗ ದಿವಾನರು. ಊರಿನ ಶಾನುಭೋಗನೂ ಗೌಡನೂ ಹಿಂದಿನಂತೆಯೇ ಊರಲ್ಲಿದ್ದರು. ಇಲ್ಲದ ಆಸಫನನ್ನು ನಿಂದಿಸಿದರೆ ನಷ್ಟವಿಲ್ಲ. ಎದುರಿಗಿರುವ ಶಾನುಭೋಗನನ್ನು ನಿಂದಿಸಿದರೆ ಮರುದಿನ ಕಡತದಲ್ಲಿ ಅದರ ಫಲ ಕಾಣಬಹುದು. ಹೀಗಿರಲು, ಅಂದಿನ ಭ್ರಷ್ಟತೆಯೆಲ್ಲ ಒಂದೇ ವರ್ಗದ ತಲೆಯ ಮೇಲೆ ಬಿದ್ದುದು ಆಶ್ಚರ್ಯವಲ್ಲ.

ಮೂರನೆಯದಾಗಿ, ದೂರಿನಿಂದ ಲಾಭವಾರಿಗೆ? ಈ ಪ್ರಶ್ನೆಗೆ ಮಲಬಾರು ಒಳ್ಳೆಯ ನಿದರ್ಶನ. ಟಿಪ್ಪುವಿನ ಕಾಲದಲ್ಲಿ ತಿರುವಾಂಕೂರಿಗೆ ಓಡಿಹೋಗಿದ್ದ ನಂಬೂದಿರಿ, ನಾಯರ್ ಭೂಮಾಲಿಕರು 1792ರ ತರುವಾಯ ಮರಳಿಬಂದು ತಮ್ಮ ಭೂಮಿಯನ್ನು ಕೇಳುತ್ತಿದ್ದರು. ಅವರಿಲ್ಲದಾಗ ಉಳುತ್ತಿದ್ದ ಮಾಪ್ಪಿಳ್ಳೆ ಗೇಣಿದಾರರು ತಮ್ಮ ಹಕ್ಕನ್ನು ಬಿಡಲೊಲ್ಲರು. ತೀರ್ಪು ಕೊಡಬೇಕಾದುದು ಕಂಪನಿಯೇ. ಆಗ ನುಡಿದ ಪ್ರತಿಯೊಂದು ಮಾತೂ ಒಂದು ರೀತಿಯಲ್ಲಿ ವ್ಯಾಜ್ಯದ ಮನವಿಯೇ ಆಗಿತ್ತು. ಹಾಗೆಂದು ಮನವಿಯೆಲ್ಲವೂ ಸುಳ್ಳೆಂದಲ್ಲ. ಇನ್ನೊಂದು ಪಕ್ಷದ ಮಾತನ್ನು ಕೇಳುವವರೆಗೆ ಅದು ತೀರ್ಪಾಗದು.

ಇನ್ನು ಬೇರೆ ಆಧಾರಗಳೊಡನೆ ಹೋಲಿಸಿ ನೋಡೋಣ. ಶೃಂಗೇರಿ ಮಠಕ್ಕೆ ಟಿಪ್ಪು ಬರೆದ ಕನ್ನಡ ಪತ್ರಗಳನ್ನು ಆರ್. ನರಸಿಂಹಾಚಾರ್ಯರು 1916ರಲ್ಲಿ ಬೆಳಕಿಗೆ ತಂದರು. 1791ರಲ್ಲಿ ಮರಾಠರ ಸೈನ್ಯದವರು ಮಠವನ್ನು ಕೊಳ್ಳೆಹೊಡೆದಾಗ ಟಿಪ್ಪು ನೀಡಿದ ನೆರವು ಅವುಗಳಿಂದ ತಿಳಿದುಬರುತ್ತದೆ. ಮೇಲುಕೋಟೆಯ ದೇವಾಲಯದಲ್ಲಿಯೂ ಆತನು ಅರ್ಪಿಸಿದ ವಸ್ತುಗಳಿವೆ. ಇವುಗಳಿಂದ ಬುಕನನ್ನನಿಗೆ ದೂರು ಹೇಳಿದವರು ಸುಳ್ಳಾಡಿದರೆಂದು ಸಿದ್ಧವಾಗುವುದಿಲ್ಲ. ಒಂದು ಮಠಕ್ಕೆ ಕೊಟ್ಟ ಕೈಯೇ ಮತ್ತೊಂದು ಅಗ್ರಹಾರದ ಮಾನ್ಯವನ್ನು ಹಿಂತೆಗೆದುಕೊಂಡಿರಬಹುದು. ಸಿದ್ಧವಾಗುವುದಿಷ್ಟೇ: ‘ಎಲ್ಲವೂ ಹೋಯಿತು’ ಎಂಬ ಸಾಮಾನ್ಯೋಕ್ತಿಯನ್ನು ಸ್ಥಳ, ಕಾಲ, ದಾನಪತ್ರಗಳ ಆಧಾರದಿಂದ ಬಿಡಿಸಿ ನೋಡಬೇಕು.

ಮತ್ತೊಂದು ಸಂಗತಿಯನ್ನು ಬುಕನನ್ನನ ಓದುಗರು ಬಹುಮಟ್ಟಿಗೆ ಮರೆಯುತ್ತಾರೆ. 1792ರ ಒಪ್ಪಂದದಿಂದ ಟಿಪ್ಪು ತನ್ನ ರಾಜ್ಯದ ಅರ್ಧಭಾಗವನ್ನು ಕಳೆದುಕೊಂಡದ್ದಲ್ಲದೆ 3 ಕೋಟಿ 30 ಲಕ್ಷ ರೂಪಾಯಿಗಳನ್ನು ತೆರಬೇಕಾಯಿತು. ಅದಕ್ಕೆ ಹಿಂದಿನ ವರ್ಷ ಹಲವು ಸೈನ್ಯಗಳು ಮೈಸೂರಿನ ಹಳ್ಳಿಗಳನ್ನು ತುಳಿದುಹೋಗಿದ್ದುವು. ಉಳಿದ ಅರ್ಧರಾಜ್ಯದ ಮೇಲೆ ಬಿದ್ದ ಭಾರದಲ್ಲಿ ಆ ದಂಡದ ಪಾಲು ಎಷ್ಟು, ಆಸಫರ ದುರಾಶೆಯ ಪಾಲು ಎಷ್ಟು? ಹಳ್ಳಿಯ ರೈತನು ತನ್ನ ಬಾಗಿಲಿಗೆ ಬಂದ ವಸೂಲಿಗಾರನನ್ನು ಕಂಡನೇ ಹೊರತು ಒಪ್ಪಂದದ ಕಾಗದವನ್ನಲ್ಲ. ಆ ಕಾಗದಕ್ಕೆ ಸಹಿಹಾಕಿದ ಪಕ್ಷಗಳಲ್ಲಿ ಬುಕನನ್ನನ ಕಂಪನಿಯೂ ಒಂದಾಗಿತ್ತು.

ಹಾಗಾದರೆ ಈ ದೂರುಗಳಲ್ಲಿ ಉಳಿಯುವುದೇನು? ಬಹಳಷ್ಟು ಉಳಿಯುತ್ತದೆ. ಯಾವ ಊರು, ಯಾವ ಕೆರೆಯ ಕೆಳಗಣ ಗದ್ದೆ, ಮೊದಲಿನ ತೆರಿಗೆ ಎಷ್ಟು, ಅನಂತರ ಎಷ್ಟು ಎಂದು ವಿವರವಿರುವ ಹೇಳಿಕೆಗಳು ಪರೀಕ್ಷೆಗೆ ಒಳಪಡುತ್ತವೆ. ಶಾಸನ, ಕಡತ, ಕೈಫಿಯತ್ತುಗಳೊಡನೆ ಹೊಂದಿದರೆ ಅವು ಚರಿತ್ರೆಯ ಗಟ್ಟಿ ಸಾಮಗ್ರಿಯಾಗುತ್ತವೆ. ದೊರೆ ದುಷ್ಟ, ಅಧಿಕಾರಿ ಕಳ್ಳ ಎಂಬ ಮಾತುಗಳಿಗೆ ಬೇರೆ ಬೆಲೆಯಿದೆ. 1800ರಲ್ಲಿ ಜನರು ಯಾವುದನ್ನು ಹೇಳಬಲ್ಲವರಾಗಿದ್ದರು ಎಂಬುದಕ್ಕೆ ಅವು ಸಾಕ್ಷಿ. ಭೂಮಿ ಕಳೆದುಕೊಂಡವನ ದುಃಖವು ದಿಟವಾದುದು. ಆ ದುಃಖಕ್ಕೆ ಆತನು ಹೇಳಿದ ಕಾರಣವನ್ನು ಮಾತ್ರ ನಾವು ವಿಚಾರಿಸಬೇಕು.

ಆದುದರಿಂದ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ. ಬುಕನನ್ನನ ಪುಟವೊಂದನ್ನು ತರಗತಿಯಲ್ಲಿ ಓದುವಾಗ, ಹೇಳಿದವನು ಯಾರು, ಪಕ್ಕದಲ್ಲಿ ನಿಂತಿದ್ದವನು ಯಾರು ಎಂದು ವಿದ್ಯಾರ್ಥಿಗಳಿಂದಲೇ ಕೇಳಿಸಬೇಕು. ಹಾಗೆ ಕೇಳಿದಾಗ ರೈತನ ಮಾತಿಗೆ ಅಗೌರವವಾಗುವುದಿಲ್ಲ. ಆತನ ಮಾತು ಮೊದಲಬಾರಿಗೆ ಪೂರ್ತಿಯಾಗಿ ಕೇಳಿಬರುತ್ತದೆ.