ಹಾಲಹಳ್ಳಿಯ ವಿಶ್ವವಿದ್ಯಾಲಯ ಉಳಿದ ಬಗೆ

2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಲು ಹೊರಟಾಗ ಬೀದರ್ ವಿಶ್ವವಿದ್ಯಾಲಯ ಪಾರಾಯಿತು. ಅದರ ವ್ಯಾಪ್ತಿಯಲ್ಲಿ 150ರಷ್ಟು ಕಾಲೇಜುಗಳಿವೆ ಎಂಬುದು ಕಾರಣ. ಉಳಿದದ್ದಕ್ಕೆ ಸಂತೋಷವಿದೆ, ಆದರೆ ಆ ಕಾರಣ ನನಗೆ ಒಪ್ಪಿಗೆಯಿಲ್ಲ. ಕಾಲೇಜುಗಳ ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕದಿಂದ ಪರೀಕ್ಷಾ ಮಂಡಳಿ ನಡೆದೀತು, ವಿಶ್ವವಿದ್ಯಾಲಯ ನಡೆಯದು.

ಈ ಸೀಮೆಗೆ ಪದವಿ ಕೊಡುವ ಊರು ಯಾವಾಗಲೂ ದೂರದ್ದೇ. ನಿಜಾಮರ ಕಾಲದಲ್ಲಿ ಇದ್ದದ್ದು ಹೈದರಾಬಾದಿನ 1918ರ ಉಸ್ಮಾನಿಯಾ ವಿಶ್ವವಿದ್ಯಾಲಯ, ಅಲ್ಲಿ ಉರ್ದು ಮಾಧ್ಯಮ. ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಶಾಲೆ ಆ ದಿನಗಳದೇ. 1948ರ ಪೊಲೀಸ್ ಕಾರ್ಯಾಚರಣೆಯ ನಂತರ ಉಸ್ಮಾನಿಯಾದ ಮಾಧ್ಯಮ ಇಂಗ್ಲಿಷಾಯಿತು. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಧಾರವಾಡ, 1980ರಿಂದ ಕಲಬುರಗಿ. ಜಿಲ್ಲೆಯ ಬೇಮಳಖೇಡದ ಒಂದೇ ಮನೆಯ ಅಜ್ಜ, ಮಗ, ಮೊಮ್ಮಗಳು ಓದಿದರೆ ಮೂರು ಊರುಗಳ ಪದವಿ ಪತ್ರ ಬರಬೇಕಿತ್ತು. ಅದಕ್ಕೇ ಜಿಲ್ಲೆಗೊಂದು ವಿಶ್ವವಿದ್ಯಾಲಯ ಬೇಕೆಂಬ ಹಂಬಲ ನ್ಯಾಯವಾದದ್ದು.

2023ರಲ್ಲಿ ಅದು ಬಂತು, ಹಾಲಹಳ್ಳಿಯ ಹಳೆಯ ಸ್ನಾತಕೋತ್ತರ ಕೇಂದ್ರದಲ್ಲೇ. ಕೈಗಿತ್ತದ್ದು 2 ಕೋಟಿ ರೂಪಾಯಿ; ಇರುವ ಕಟ್ಟಡ, ಇರುವ ಸಿಬ್ಬಂದಿಯಲ್ಲೇ ನಡೆಸಿ ಎಂಬ ಲೆಕ್ಕಾಚಾರ.

ಬೀದರಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಗೊತ್ತಿತ್ತು. 1472ರಲ್ಲಿ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದಲ್ಲಿ ಮೂರು ಅಂತಸ್ತು, ಗ್ರಂಥಾಲಯ, ವಿದ್ಯಾರ್ಥಿಗಳಿಗೆ ವಸತಿ, ಹೊರದೇಶಗಳಿಂದ ಕರೆತಂದ ಪಂಡಿತರು. ಆತ ಕಟ್ಟಡದ ಜೊತೆಗೆ ಕಲಿಸುವವರ ಮೇಲೂ ಖರ್ಚು ಮಾಡಿದ. ಬಹಮನಿ ಆಸರೆ ಹೋಯಿತು. 1657ರಲ್ಲಿ ಔರಂಗಜೇಬನಿಗೆ ಕೋಟೆ ವಶವಾದ ಮೇಲೆ ಮದರಸಾದಲ್ಲಿ ಸವಾರರ ಬಿಡಾರ, ಮದ್ದಿನ ದಾಸ್ತಾನು. 1696ರಲ್ಲಿ ಮದ್ದು ಸಿಡಿದು ಮಹಾದ್ವಾರವೂ ಒಂದು ಮಿನಾರೂ ಉರುಳಿದವು. ಉಳಿದ ಮಿನಾರಿನ ಮೈಮೇಲೆ ನೀಲಿ, ಹಳದಿ ಹೆಂಚಿನ ಅಂಕುಡೊಂಕು ಪಟ್ಟಿಗಳು ಇಂದಿಗೂ ಅಲ್ಲಲ್ಲಿ ಹೊಳೆಯುತ್ತವೆ.  ಆದರೆ ಗುರುಗಳನ್ನು ಸಾಕುವವರು ಇಲ್ಲವಾದರೆ ಎಂಥ ಮದರಸಾವೂ ಬರೀ ಕಟ್ಟಡ.

ಪುಟ್ಟ ಜಿಲ್ಲೆ ತನ್ನ ವಿಶ್ವವಿದ್ಯಾಲಯವನ್ನು ಸಾಕಬಲ್ಲದೇ? ಬೇರೆಡೆ ಸಿಗದ ವಿದ್ಯೆ ಅಲ್ಲಿ ಸಿಕ್ಕರೆ ಖಂಡಿತ ಸಾಕಬಲ್ಲದು. ಕನ್ನಡ, ಮರಾಠಿ, ದಖನಿ, ಫಾರ್ಸಿ ನಾಲ್ಕೂ ಓದುವವರು ಬೇಕಾದ ದಾಖಲೆಗಳು ಈ ನೆಲದವು. ಕಲ್ಯಾಣದ ಶರಣರ ಅಧ್ಯಯನ, ನೌಬಾದಿನ ಕರೇಜ್ ಸುರಂಗಗಳ ನೀರಿನ ವಿದ್ಯೆ ಇಲ್ಲಿಯೇ ಬೆಳೆಯಬೇಕು. ಸಂವಿಧಾನದ 371ಜೆ ವಿಧಿಯಡಿ ಬರುವ ಹಣದಲ್ಲಿ ಮೊದಲ ಪಾಲು ಇವಕ್ಕೆ ಕಾಯಂ ಪ್ರಾಧ್ಯಾಪಕರ ಸಂಬಳಕ್ಕೆ ಹೋಗಲಿ. ಹೊಸ ಆಡಳಿತ ಸೌಧ ಇನ್ನೂ ಹತ್ತು ವರ್ಷ ಕಾದರೂ ನಡೆಯುತ್ತದೆ.