ಕಿಲುಬು ಕಾಲಮಾನಕ್ಕೆ ಸಾಕ್ಷಿಯೇ?

ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಪ್ರಾಚೀನ ಲೋಹವಸ್ತುಗಳನ್ನು ವರ್ಣಿಸುವಾಗ, ಕಿಲುಬು ದಟ್ಟವಾಗಿರುವುದರಿಂದ ವಸ್ತುವು ಬಹು ಹಳೆಯದೆಂದು ತೀರ್ಮಾನಿಸುವ ರೂಢಿ ಇನ್ನೂ ಅಳಿದಿಲ್ಲ. ಬಸದಿಯ ಕಂಚಿನ ಬಿಂಬಕ್ಕೂ ಭೂತಸ್ಥಾನದ ಹಿತ್ತಾಳೆಯ ಮೊಗಕ್ಕೂ ಗುತ್ತಿನ ಮನೆಯ ಕಬ್ಬಿಣದ ಕತ್ತಿಗೂ ಇದೊಂದೇ ಒರೆಗಲ್ಲು. ಈ ಒರೆಗಲ್ಲು ಎಷ್ಟರಮಟ್ಟಿಗೆ ನಂಬತಕ್ಕುದೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಲೋಹದ ಸವೆತವು ವರ್ಷಂಪ್ರತಿ ಒಂದೇ ಪ್ರಮಾಣದಲ್ಲಿ ಸಾಗುತ್ತದೆಂಬುದು ಈ ರೂಢಿಯ ಹಿಂದಿರುವ ಊಹೆ. ರಸಾಯನಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ ಸುಮಾರು 60ನ್ನು ಮೀರಿದಾಗ, ಅದರಲ್ಲಿ ಕಲ್ಮಷವೂ ಇದ್ದರೆ, ಕಬ್ಬಿಣದ ತುಕ್ಕು ಒಮ್ಮೆಲೇ ತೀವ್ರವಾಗುವುದೆಂದು ಇಂಗ್ಲೆಂಡಿನ ವರ್ನನ್ 1930ರ ದಶಕದಲ್ಲಿ ತೋರಿಸಿದನು. ಕಂಚಿನೊಳಗೆ ಉಪ್ಪಿನ ಕ್ಲೋರೈಡ್ ಸೇರಿದ್ದರೆ, ಆರ್ದ್ರತೆ 45ರ ಆಸುಪಾಸಿನಲ್ಲಿರುವಾಗಲೇ ತಿಳಿಹಸಿರು ಪುಡಿ ಉದುರತೊಡಗುತ್ತದೆ. ನಮ್ಮ ಮಳೆಗಾಲದಲ್ಲಿ ಆರ್ದ್ರತೆ 80ನ್ನು ದಾಟುವುದು ಸಾಮಾನ್ಯ. ಹೀಗಿರುವಲ್ಲಿ ಉಪ್ಪು ಸೋಂಕಿದ ವಸ್ತುವೊಂದು ಕೆಲವೇ ಮಳೆಗಾಲಗಳಲ್ಲಿ ಶತಮಾನಗಳ ವೇಷವನ್ನು ತೊಡಬಲ್ಲುದು.

ತೇವವೊಂದನ್ನೇ ಅಳೆದರೂ ಸಾಲದು; ಅದರೊಡನೆ ಏನಿದೆಯೆಂಬುದೂ ಮುಖ್ಯ. ಇದಕ್ಕೆ ತೀವ್ರವಾದ ನಿದರ್ಶನ ಯುರೇನಿಯಂ ಲೋಹ. ಟ್ರಾಂಬೆಯ ಸೈರಸ್ (1960) ಮತ್ತು ಧ್ರುವ (1985) ಸ್ಥಾವರಗಳು ಈ ಲೋಹವನ್ನೇ ಇಂಧನವಾಗಿ ಪಡೆದವು. ಒಣಗಾಳಿಯಲ್ಲಿ ಇದು ನಿಧಾನವಾಗಿ ಕಪ್ಪಾಗುತ್ತದೆ. ಆಮ್ಲಜನಕವಿಲ್ಲದ ನೀರಾವಿಯಲ್ಲಾದರೋ ಸವೆತವು ಬಹು ಪಟ್ಟು ಹೆಚ್ಚಿ, ಆಕ್ಸೈಡ್ ಉಂಟಾಗಿ ಜಲಜನಕ ಹೊರಡುತ್ತದೆ. ಅದೇ ನೀರಾವಿಗೆ ಆಮ್ಲಜನಕ ಬೆರೆತರೆ ವೇಗ ಕುಗ್ಗುತ್ತದೆ. ತೇವ ಅದೇ, ಲೋಹ ಅದೇ, ಫಲ ಬೇರೆ. ಪ್ರಯೋಗಶಾಲೆಯಲ್ಲಿಯೇ ಹೀಗಾದರೆ, ಇರಿಸಿದ್ದ ಪರಿಸರವೇ ತಿಳಿಯದ ವಿಗ್ರಹದ ವಯಸ್ಸನ್ನು ಕಿಲುಬಿನಿಂದ ಎಣಿಸುವುದು ಹೇಗೆ?

ನಮ್ಮ ನಾಡಿನ ಆಚಾರವೂ ಈ ಲೆಕ್ಕವನ್ನು ಕೆಡಿಸುತ್ತದೆ. ಪೂಜೆಯಲ್ಲಿರುವ ಬಿಂಬವು ಅಭಿಷೇಕದಿಂದ ನೆನೆದರೂ ಒಡನೆಯೇ ಒರಸಲ್ಪಡುತ್ತದೆ. ಹುಣಸೆಹುಳಿ ಹಚ್ಚಿ ಬೆಳಗಿದ ಹಿತ್ತಾಳೆ ಎಂದಿಗೂ ಹೊಸತಾಗಿಯೇ ಕಾಣುತ್ತದೆ. ನೇಮದ ದಿನವಷ್ಟೇ ಭಂಡಾರದಿಂದ ಹೊರಬರುವ ಮೊಗವಾದರೋ ಉಳಿದ ದಿನಗಳಲ್ಲಿ ಪೆಟ್ಟಿಗೆಯ ಮುಗ್ಗಲು ಗಾಳಿಯಲ್ಲಿ ಕಿಲುಬುಗಟ್ಟುತ್ತದೆ. ಇತ್ತ ಘಟ್ಟದ ಅಂಚಿನ ಕೊಡಚಾದ್ರಿಯಲ್ಲಿ ಕಬ್ಬಿಣದ ಸ್ತಂಭವೊಂದು ಬಯಲ ಮಳೆಯಲ್ಲಿ ನಿಂತೂ ಹೆಚ್ಚು ಕ್ಷಯಿಸಿಲ್ಲ. ಕಿಲುಬನ್ನೇ ನಂಬಿದರೆ ಹಳೆಯದು ಹೊಸತಾಗುವುದು, ಹೊಸತು ಹಳೆಯದಾಗುವುದು.

ಹಾಗೆಂದು ಕಿಲುಬು ನಿರುಪಯುಕ್ತವೆಂದು ನಾವು ಹೇಳುವುದಿಲ್ಲ. ವಸ್ತುವು ಮಣ್ಣಿನಲ್ಲಿ ಹೂತಿತ್ತೇ, ಉಪ್ಪು ಸೋಂಕಿತ್ತೇ ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ವಯಸ್ಸಿಗೆ ಮಾತ್ರ ಅಲ್ಲ. ಮೂಡುಬಿದಿರೆಗೆ ಸಮೀಪದ ಬೆಳ್ಮಣ್ಣಿನ ತಾಮ್ರಶಾಸನವನ್ನು ವಿದ್ವಾಂಸರು 8ನೆಯ ಶತಮಾನಕ್ಕೆ ಸೇರಿಸಿದುದು ಲಿಪಿಲಕ್ಷಣದ ಬಲದಿಂದ, ತಾಮ್ರದ ಹಸಿರಿನಿಂದಲ್ಲ. ಬಿಂಬಗಳಿಗೂ ಪೀಠದ ಬರಹ, ಶೈಲಿ, ಎರಕದ ಕ್ರಮಗಳೇ ಆಧಾರವಾಗಬೇಕು.

ಆದುದರಿಂದ ಮುಂದಿನ ವಸ್ತುಪಟ್ಟಿಗಳಲ್ಲಿ ವಸ್ತುವನ್ನು ಎಲ್ಲಿ ಇರಿಸಲಾಗಿತ್ತು, ಯಾವುದರಿಂದ ಬೆಳಗಲಾಗುತ್ತಿತ್ತು ಎಂಬುದನ್ನು ಮೊದಲು ಬರೆಯುವುದು ಯುಕ್ತ. ಅದು ದಾಖಲಾಗುವವರೆಗೆ ಕಿಲುಬನ್ನು ಉಜ್ಜಿ ತೆಗೆಯಲೂ ಬಾರದು. ಅದರೊಡನೆ ಪೀಠದ ಸಣ್ಣ ಅಕ್ಷರಗಳೂ ಸವೆದುಹೋದರೆ, ಕಾಲವನ್ನು ಹೇಳಬಲ್ಲ ನಿಜವಾದ ಸಾಕ್ಷಿಯನ್ನೇ ನಾವು ಕಳೆದುಕೊಂಡಂತಾಗುವುದು.